ಬೀಗ ಹಾಕಿದ ಕಂಪ್ಯೂಟರ್ ರೂಮು

ನಾನು ಪಾಠ ಹೇಳುವುದು ದಕ್ಷಿಣ ಬೆಂಗಳೂರಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ, ಒಂದನೇ ಕ್ಲಾಸಿಗೆ. ಯಾವ ಬಡಾವಣೆ, ಯಾವ ರಸ್ತೆ ಎಂದು ಮಾತ್ರ ಕೇಳಬೇಡಿ. ಹೇಳಿದರೆ ನೀವು ಇದನ್ನು ಓದಿ ಮುಗಿಸುವಷ್ಟರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಕಾರಿನ ಡಿಕ್ಕಿ ತೆರೆದು ಒಂದು ಹಳೆಯ ಕಂಪ್ಯೂಟರ್ ಇಳಿಸಿ ಹೋಗಿರುತ್ತಾನೆ.

ಈ ಊರಿನಲ್ಲಿ ಕಂಪ್ಯೂಟರುಗಳು ಹೇಗೆ ಸಾಯುತ್ತವೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಜಯನಗರವಾಗಲಿ, ಜೆ.ಪಿ. ನಗರವಾಗಲಿ, ನಾನಿರುವ ಗಿರಿನಗರವಾಗಲಿ, ಕ್ರಮ ಒಂದೇ. ಮೊದಲು ಅದು ನಿಧಾನವಾಗುತ್ತದೆ. ಮನೆಗೆ ಲ್ಯಾಪ್‌ಟಾಪ್ ಬರುತ್ತದೆ. ಹಳೆಯದರ ಮೇಲೆ ಒಂದು ಕಸೂತಿ ಬಟ್ಟೆ ಬೀಳುತ್ತದೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಕೂರುತ್ತದೆ. ಆಮೇಲೆ ಅಟ್ಟ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕೆಳಗಿಳಿದು, ವಿಭೂತಿ ಕುಂಕುಮ ಬಳಿಸಿಕೊಂಡು, ಒಂದು ಸೇವಂತಿಗೆ ಮುಡಿದು, ಮತ್ತೆ ಅಟ್ಟ ಹತ್ತುತ್ತದೆ. ಬಿಸಾಡೋಣ ಎಂದರೆ ಮನೆಯ ಯಜಮಾನರು ಬಿಡುವುದಿಲ್ಲ. "ಆಗಿನ ಕಾಲಕ್ಕೆ ಎಷ್ಟು ಕೊಟ್ಟಿದ್ದೆ ಗೊತ್ತಾ ನಿನಗೆ?" ಕೊನೆಗೆ ಮನೆಗೆ ಬಣ್ಣ ಹೊಡೆಸುವಾಗ ಗುಜರಿಯವನನ್ನು ಕರೆಸುತ್ತಾರೆ. ಅವನು ಹೇಳುವ ರೇಟು ಕೇಳಿ ಮನೆಮಂದಿಗೆಲ್ಲ ಅವಮಾನವಾಗುತ್ತದೆ. ಸಮಾಜಸೇವೆ ಹುಟ್ಟುವುದು ಆಗ. "ಇವನಿಗ್ಯಾಕೆ ಕೊಡ್ಬೇಕು? ಪಾಪ, ಯಾವ್ದಾದ್ರೂ ಗೌರ್ಮೆಂಟ್ ಸ್ಕೂಲ್ ಮಕ್ಕಳಿಗೆ ಕೊಡೋಣ." ಆ ‘ಪಾಪ’ ಇದೆಯಲ್ಲ, ಅದು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಶಾಲೆಗೆ ಇರುವುದೇ ನಾಲ್ಕು ಕೋಣೆ. ಒಂದು ಹೆಡ್ ಮಾಸ್ಟರರದು, ಅದರಲ್ಲೇ ಬಿಸಿಯೂಟದ ಅಕ್ಕಿ ಮೂಟೆಗಳೂ ಇರಬೇಕು. ಎರಡು ಕೋಣೆಗಳಲ್ಲಿ ಎರಡನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳು ಒತ್ತಿಕೊಂಡು ಕೂರುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಎರಡು ಕಡೆ ಕಿಟಕಿ ಇರುವಂಥದ್ದು. ಅದು ಕಂಪ್ಯೂಟರ್ ರೂಮು. ಅದಕ್ಕೆ ಬೀಗ. ನನ್ನ ಒಂದನೇ ಕ್ಲಾಸು ನಡೆಯುತ್ತಿದ್ದದ್ದು ಆ ಬೀಗದ ಮುಂದಿನ ವರಾಂಡದಲ್ಲಿ.

ವರಾಂಡಕ್ಕೆ ಮೇಲೆ ಶೀಟು ಇದೆ, ಪಕ್ಕಕ್ಕೆ ಏನೂ ಇಲ್ಲ. ಬೆಂಗಳೂರಿನ ಮಳೆ ಬರುವುದೇ ಪಕ್ಕದಿಂದ. ಮಧ್ಯಾಹ್ನ ಮೋಡ ಕವಿದ ಕೂಡಲೇ ನಾನು ಅ ಆ ಇ ಈ ನಿಲ್ಲಿಸಿ "ಬ್ಯಾಗ್ ಎತ್ಕೊಳ್ರೋ" ಎಂದು ಕೂಗಬೇಕಿತ್ತು. ಮಕ್ಕಳು ಸ್ಲೇಟನ್ನು ಎದೆಗೊತ್ತಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದವು. ಆ ಗೋಡೆಯ ಆಚೆ ಹತ್ತಾರು ಕಂಪ್ಯೂಟರುಗಳು ಒಂದು ಹನಿಯೂ ತಾಗದ ಹಾಗೆ ಬೆಚ್ಚಗೆ ಕೂತಿರುತ್ತಿದ್ದವು.

ಸಾಲಿನ ಕೊನೆಗೆ, ನೀರಿನ ಡ್ರಮ್ಮಿನ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬಳು ಹುಡುಗಿ ಎಲ್ಲರಿಗಿಂತ ಮೊದಲು ನೆನೆಯುತ್ತಿದ್ದಳು. ವಿಜಯಪುರದ ಕಡೆಯವರು. ಹಣೆಗೆ ವಿಭೂತಿ ಹಚ್ಚಿಕೊಂಡೇ ಬರುತ್ತಿದ್ದಳು, ಮಳೆ ಬಂದ ದಿನ ಅದು ಕರಗಿ ಮೂಗಿನ ಮೇಲೆ ಇಳಿದಿರುತ್ತಿತ್ತು. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಾನೆ, ಅಮ್ಮ ಶಾಲೆಯ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುತ್ತಾಳೆ. ಇರುವುದು ಕಟ್ಟುತ್ತಿರುವ ಒಂದು ಬಿಲ್ಡಿಂಗಿನ ಹಿಂದೆ ಶೀಟು ಹೊದಿಸಿದ ಒಂದೇ ಕೋಣೆಯಲ್ಲಿ. ಕಳೆದ ಮಳೆಗಾಲದಲ್ಲಿ ಆ ಹುಡುಗಿಗೆ ಎದೆ ಕಟ್ಟಿ, ಜ್ವರ ಬಂದು, ಎಷ್ಟೋ ದಿನ ಶಾಲೆಗೇ ಬರಲಿಲ್ಲ. ಮತ್ತೆ ಕರೆದುಕೊಂಡು ಬಂದ ದಿನ ಅವಳಮ್ಮ ಬೀಗದ ಬಾಗಿಲು ನೋಡಿ ಕೇಳಿದಳು: "ಅಕ್ಕೋರೆ, ಆ ರೂಮಿನ್ಯಾಗ ಕುಂದ್ರಸಾಕ ಬರೂದಿಲ್ಲೇನ್ರೀ?"

"ಅದು ಕಂಪ್ಯೂಟರ್ ರೂಮಮ್ಮ" ಎಂದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು.

ಆ ರೂಮಿನಲ್ಲಿ ಇದ್ದದ್ದೆಲ್ಲ ಎದುರಿನ ಅಪಾರ್ಟ್‌ಮೆಂಟಿನವರ ಕೊಡುಗೆ. ಅವರ ಸಂಘಕ್ಕೆ ಒಬ್ಬ ಅಧ್ಯಕ್ಷರಿದ್ದಾರೆ. ದೊಡ್ಡ ಕೆಲಸದಲ್ಲಿದ್ದು ರಿಟೈರ್ ಆದವರು, ಇನ್ನೂ ಯಾರಾದರೂ ತಮಗೆ ರಿಪೋರ್ಟ್ ಮಾಡಬೇಕು ಎನ್ನುವ ಆಸೆ ಹೋಗಿಲ್ಲ. ಮೊದಲ ಸಲ ಅವರು ಕಂಪ್ಯೂಟರ್ ತಂದಾಗ ಗೇಟಿಗೆ ಫ್ಲೆಕ್ಸ್ ಕಟ್ಟಿಸಿದ್ದರು. ಫ್ಲೆಕ್ಸಿನಲ್ಲಿ ಅವರ ಮುಖ ದೊಡ್ಡದು, ಕಂಪ್ಯೂಟರ್ ಸಣ್ಣದು, ಮಕ್ಕಳು ಇರಲೇ ಇಲ್ಲ. ಫೋಟೋ ತೆಗೆಯುವವನನ್ನೂ ಅವರೇ ಕರೆತಂದಿದ್ದರು. "ಒಂದು ಮಗು ಕೀಬೋರ್ಡ್ ಮೇಲೆ ಕೈ ಇಡ್ಲಿ. ಸ್ವಲ್ಪ ಬಡವರ ಥರ ಇರೋ ಮಗು" ಎಂದ ಅವನು. ಇಲ್ಲಿ ಇರುವವರೆಲ್ಲ ಅದೇ ಥರದವರಪ್ಪಾ, ನಿನಗೆ ಬೇಕಾದವರನ್ನು ಆರಿಸಿಕೋ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ಎಲ್ಲ ವರ್ಕಿಂಗ್ ಕಂಡೀಷನ್ ಮೇಡಂ" ಎಂದರು ಅಧ್ಯಕ್ಷರು. "ಸ್ವಲ್ಪ ಸ್ಲೋ, ಅಷ್ಟೆ."

ಅವರ ಕಾರು ಎದುರಿನ ಗೇಟಿನೊಳಗೆ ಹೋದ ಮೇಲೆ ಒಂದರ ಪ್ಲಗ್ ಹಾಕಿದೆ. ಫಟ್ ಎಂದು ಶಾಲೆಗೆಲ್ಲ ಕರೆಂಟ್ ಹೋಯಿತು, ಹಿತ್ತಲಿನ ಶೀಟಿನ ಕೆಳಗೆ ಓಡುತ್ತಿದ್ದ ಬಿಸಿಯೂಟದ ಮಿಕ್ಸಿಯೂ ನಿಂತಿತು. ಇನ್ನೊಂದು ಹತ್ತಿಕೊಂಡಿತು, ಪಾಸ್‌ವರ್ಡ್ ಕೇಳಿತು. ಕೊಟ್ಟವರಿಗೆ ಫೋನ್ ಮಾಡಿದರೆ "ಅದು ನಮ್ ಮಗಂಗೆ ಗೊತ್ತು ಮೇಡಂ, ಅವನಿಗೂ ಮರ್ತುಹೋಗಿದೆ" ಎಂದರು. ಮೂರನೆಯದರ ಪೆಟ್ಟಿಗೆ ಬಿಚ್ಚಿದರೆ ಒಳಗೆ ಜಿರಳೆಗಳ ತುಂಬು ಸಂಸಾರ, ಅಜ್ಜಿ ಮೊಮ್ಮಕ್ಕಳ ಸಮೇತ. ಅಧ್ಯಕ್ಷರ ಮನೆಯದು ಟಿ.ವಿ.ಯಂಥ ದಪ್ಪ ಹೊಟ್ಟೆಯ ಮಾನಿಟರ್. ಅದರ ನೆತ್ತಿಯಲ್ಲಿ ವರ್ಷ ವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ ಪದರ ಪದರವಾಗಿ ಗಟ್ಟಿಯಾಗಿತ್ತು. ಎಲ್ಲದರ ಮೇಲೂ ಒಂದು ಸ್ಟಿಕ್ಕರ್ ಮಾತ್ರ ಅಂದವಾಗಿ ಅಂಟಿಸಿತ್ತು: ‘ಕೊಡುಗೆ’, ಕೆಳಗೆ ಕೊಟ್ಟವರ ಹೆಸರು, ಫ್ಲಾಟ್ ನಂಬರು. ನಮ್ಮಲ್ಲಿ ಹೆಸರು ಬರೆಸದೆ ಯಾರೂ ಏನನ್ನೂ ಕೊಡುವುದಿಲ್ಲವಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನಲ್ಲಿ ಕೊಟ್ಟವರ ಹೆಸರಿಗೆ ಜಾಗ ಮಾಡಿ ಉಳಿದದ್ದರಲ್ಲಿ ಬೆಳಕು ಬರುತ್ತದೆ.

ಇವನ್ನು ಹೊರಗೆ ಹಾಕಿ ರೂಮು ಕೊಡಿ ಎಂದು ಶಿಕ್ಷಣ ಇಲಾಖೆಯ ಆಫೀಸಿಗೆ ಹೋಗಿ ಕೇಳಿದೆ. "ದಾನ ಬಂದಿರೋದು ಮೇಡಂ, ಬಿಸಾಡೋ ಹಾಗಿಲ್ಲ" ಎಂದರು. ಹಾಗಾದರೆ ರಿಪೇರಿ ಮಾಡಿಸಿಕೊಡಿ ಎಂದೆ. "ನಾವೇನ್ ಕೊಟ್ಟಿದ್ದಾ ರಿಪೇರಿ ಮಾಡ್ಸೋಕೆ?" ಎಂದರು. ಹಳೆಯ ಎಲೆಕ್ಟ್ರಾನಿಕ್ ಸಾಮಾನು ತೆಗೆದುಕೊಂಡು ಹೋಗುವವರು ಮನೆ ಬಾಗಿಲಿಗೇ ಬರುತ್ತಾರೆ, ಅವರಿಗಾದರೂ ಕೊಡೋಣ ಎಂದು ಹೆಡ್ ಮಾಸ್ಟರಿಗೆ ಹೇಳಿದೆ. ನಮ್ಮ ಹೆಡ್ ಮಾಸ್ಟರು ಒಳ್ಳೆಯವರು. ರಿಟೈರಾಗುವವರೆಗೆ ಯಾರ ಕಣ್ಣಿಗೂ ಬೀಳದೆ ಇರಬೇಕು ಎಂಬುದೊಂದೇ ಅವರ ವ್ರತ. "ನಾಳೆ ಅವ್ರು ಬಂದು ನಮ್ ಕಂಪ್ಯೂಟರ್ ಎಲ್ಲಿ ಅಂದ್ರೆ? ದೊಡ್ಡವರು ಮೇಡಂ" ಎಂದು ಕೈ ಮುಗಿದರು. ಇಷ್ಟು ಸಾಲದು ಎಂಬಂತೆ ಆಯುಧಪೂಜೆಯ ದಿನ ಬೀಗ ತೆಗೆಸಿ ಆ ಹೆಣಗಳಿಗೆಲ್ಲ ಹೂ ಏರಿಸಿ ಮಂಗಳಾರತಿ ಮಾಡಿಸಿದರು. "ಸಾರ್, ಇವಕ್ಕೆ ಮಾಡ್ಬೇಕಾಗಿದ್ದು ಆಯುಧಪೂಜೆ ಅಲ್ಲ, ಮಹಾಲಯ ಅಮಾವಾಸ್ಯೆ" ಎಂದೆ. ಕೇಳಿಸದವರ ಹಾಗೆ ಘಂಟೆ ಬಾರಿಸಿದರು.

ಹೀಗಿರುವಾಗ ಒಂದು ದಿನ ಅಧ್ಯಕ್ಷರು ಟ್ರ್ಯಾಕ್ ಪ್ಯಾಂಟಿನಲ್ಲೇ ಶಾಲೆಗೆ ಬಂದರು. ಅಪಾರ್ಟ್‌ಮೆಂಟಿನ ಸ್ಟೋರ್ ರೂಮನ್ನು ಜಿಮ್ ಮಾಡುತ್ತಿದ್ದಾರಂತೆ. ಅಲ್ಲಿರುವ ಹಳೆಯ ಕಂಪ್ಯೂಟರುಗಳನ್ನೆಲ್ಲ ಮಕ್ಕಳಿಗೇ ಕೊಡಬೇಕೆಂದು ಸಂಘ ತೀರ್ಮಾನ ಮಾಡಿದೆಯಂತೆ. "ನೆಕ್ಸ್ಟ್ ಶನಿವಾರ ಒಂದು ಫಂಕ್ಷನ್ ಇಟ್ಕೊಂಡು ಅನೌನ್ಸ್ ಮಾಡ್ತೀವಿ. ಆಮೇಲೆ ಟೆಂಪೊದಲ್ಲಿ ಕಳಿಸ್ತೀವಿ. ನೀವು ಪಕ್ಕದ ರೂಮೂ ಖಾಲಿ ಮಾಡಿಸ್ಬಿಡಿ, ಸ್ಮಾರ್ಟ್ ಕ್ಲಾಸ್ ಮಾಡೋಣ."

ಹೆಡ್ ಮಾಸ್ಟರು ತಲೆಯಾಡಿಸಿದರು! ಅಧ್ಯಕ್ಷರು ಹೋದ ಮೇಲೆ ನಾನು ಕೂಗಾಡಿದೆ.

"ಪಕ್ಕದ ರೂಮಿನ ಮಕ್ಕಳು ಎಲ್ಲಿಗೆ ಹೋಗ್ಬೇಕು ಸಾರ್?"

"ವರಾಂಡ ಇದೆಯಲ್ಲ ಮೇಡಂ."

"ವರಾಂಡದಲ್ಲಿ ನಾನಿದ್ದೀನಿ!"

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ದೊಡ್ಡವರು, ಬೇಡ ಅನ್ನೋಕಾಗತ್ತಾ?" ಎಂದು ಅವರು ತಮ್ಮ ನಿಜವಾದ ಚಿಂತೆಗೆ ಬಂದರು. "ಸನ್ಮಾನಕ್ಕೆ ಶಾಲು ಇದೆ, ಪೇಟ ಬಾಡಿಗೆಗೆ ತರಿಸ್ತೀನಿ. ನೆನಪಿನ ಕಾಣಿಕೆಗೇ ಏನೂ ಇಲ್ಲ. ಬಂದವರನ್ನ ಬರಿಗೈಲಿ ಕಳಿಸೋಕಾಗತ್ತಾ ಮೇಡಂ?"

ಅವತ್ತು ಸಂಜೆ ಮನೆಯಲ್ಲಿ ಕುದಿಯುತ್ತಲೇ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯವರು ಗೊಜ್ಜವಲಕ್ಕಿ ಹಾಕಿ ಕಳಿಸಿದ್ದ ಸ್ಟೀಲ್ ಡಬ್ಬಿ ಕೈಗೆ ಬಂತು. ಒರೆಸಿ ವಾಪಸ್ ಕೊಡಬೇಕು. ನಮ್ಮ ಕಡೆ ಬೇರೆಯವರ ಡಬ್ಬಿಯನ್ನು ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು, ನಮ್ಮತ್ತೆ ಇದರಲ್ಲಿ ಬಹಳ ಕಟ್ಟುನಿಟ್ಟು. ಸಕ್ಕರೆ ಡಬ್ಬ ತೆಗೆದವಳು ಹಾಗೇ ನಿಂತೆ. ಆಮೇಲೆ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ನಮ್ಮ ಯಜಮಾನರು ಬಂದು ನನ್ನ ಮುಖ ನೋಡಿ, ಗ್ಯಾಸ್ ಆಫ್ ಆಗಿದೆಯೋ ಇಲ್ಲವೋ ನೋಡಿಕೊಂಡು ಹೋದರು.

ಮಾರನೆಯ ದಿನ ಹೆಡ್ ಮಾಸ್ಟರ ಮುಂದೆ ಕೂತು ಹೇಳಿದೆ. "ಕಾಣಿಕೆ ಸಿಕ್ತು ಸಾರ್. ಅವರವರ ಕಂಪ್ಯೂಟರ್ ಅವರವರಿಗೇ."

ಅವರು ಟೀ ಲೋಟ ಕೆಳಗಿಟ್ಟರು. "ತಮಾಷೆ ಮಾಡ್ಬೇಡಿ ಮೇಡಂ."

"ಬಿಸಾಡಬಾರ್ದು ಅಂತ ಆಫೀಸಲ್ಲಿ ಹೇಳಿದ್ರು. ಸನ್ಮಾನ ಮಾಡಬಾರ್ದು ಅಂತ ಹೇಳಿಲ್ಲ. ಹೆಸರು, ಫ್ಲಾಟ್ ನಂಬರ್ ಎಲ್ಲ ಅವ್ರೇ ಅಂಟಿಸಿ ಕೊಟ್ಟಿದ್ದಾರೆ."

"ನನ್ನ ಪೆನ್ಷನ್ನಿಗೆ ಕಲ್ಲು ಹಾಕ್ಬೇಡಿ."

"ಸರಿ ಬಿಡಿ ಸಾರ್. ಹಾಗಾದ್ರೆ ನಾಳೆಯಿಂದ ಒಂದನೇ ಕ್ಲಾಸು ನಿಮ್ಮ ರೂಮಲ್ಲೇ ನಡೆಯತ್ತೆ, ಆ ಅಕ್ಕಿ ಮೂಟೆ ಮೇಲೆ. ಮಕ್ಕಳು ಅದರ ಮೇಲೆ ಏನ್ ಮಾಡ್ತಾರೋ ನಾನು ಜವಾಬ್ದಾರಳಲ್ಲ."

ಅವರು ಮೂಟೆಗಳನ್ನು ನೋಡಿದರು, ನನ್ನನ್ನು ನೋಡಿದರು. "ನಾನು ಅವತ್ತು ಮಾತಾಡಲ್ಲ. ನೀವೇ ಮಾತಾಡಿ" ಎಂದರು. ಅಷ್ಟು ಸಾಕಿತ್ತು. ಶುಕ್ರವಾರ ಮಧ್ಯಾಹ್ನವೆಲ್ಲ ಕೂತು ಮಾನಿಟರುಗಳ ಧೂಳು ಒರೆಸಿ, ಮಿಂಚುವ ಗಿಫ್ಟ್ ಪೇಪರ್ ಸುತ್ತಿ, ಕೆಂಪು ರಿಬ್ಬನ್ ಕಟ್ಟಿದೆ. ಸ್ಟಿಕ್ಕರ್ ಇರುವ ಕಡೆ ಮಾತ್ರ ಪೇಪರನ್ನು ಚೌಕವಾಗಿ ಕತ್ತರಿಸಿ ಕಿಟಕಿ ಬಿಟ್ಟೆ. ದಾನಿಗಳ ಹೆಸರು ಮುಚ್ಚಿಹೋಗಬಾರದಲ್ಲ.

ಶನಿವಾರ ಫಂಕ್ಷನ್ನಿಗೆ ಅಧ್ಯಕ್ಷರು, ಅವರ ಹೆಂಡತಿ, ಸಂಘದ ಹತ್ತು ಹನ್ನೆರಡು ಜನ, ಜೊತೆಗೆ ಅದೇ ಫೋಟೋದವನು ಬಂದರು. ಪ್ರಾರ್ಥನೆ ಆಯಿತು. ಅಧ್ಯಕ್ಷರು ಮೈಕ್ ಹಿಡಿದು ಕೊಡುವ ಸುಖದ ಬಗ್ಗೆ ಮಾತಾಡಿದರು. ತೆಗೆದುಕೊಳ್ಳುವವರ ಸುಖದ ಬಗ್ಗೆಯೂ ಅವರೇ ಮಾತಾಡಿದರು. ಬಿಸಿಲಿನಲ್ಲಿ ಮಕ್ಕಳು ತೂಕಡಿಸುತ್ತಿದ್ದವು. ಆಮೇಲೆ ಅಧ್ಯಕ್ಷರಿಗೆ ಪೇಟ ತೊಡಿಸಿದೆವು, ಹಾರ ಹಾಕಿದೆವು, ಶಾಲು ಹೊದಿಸಿದೆವು, ತಾಂಬೂಲ ಕೊಟ್ಟೆವು. ನಾನು ಮೈಕ್ ತೆಗೆದುಕೊಂಡೆ.

"ನಮ್ಮಲ್ಲಿ ಪಕ್ಕದ ಮನೆಯ ಡಬ್ಬಿಯನ್ನ ಖಾಲಿ ಕಳಿಸೋ ಪದ್ಧತಿ ಇಲ್ಲ ಸಾರ್. ಎದುರು ಮನೆಯವರು ನೀವು. ನಿಮ್ಮನ್ನ ಖಾಲಿ ಕಳಿಸ್ತೀವಾ?"

ಜೋರು ಚಪ್ಪಾಳೆ. ಐದನೇ ಕ್ಲಾಸಿನ ಇಬ್ಬರು ಏದುಸಿರು ಬಿಡುತ್ತಾ ಮೊದಲ ಕಾಣಿಕೆಯನ್ನು ಹೊತ್ತು ತಂದರು. ಅಧ್ಯಕ್ಷರು ನಗುನಗುತ್ತಲೇ ಎರಡೂ ಕೈ ಚಾಚಿದರು, ಭಾರಕ್ಕೆ ಮೊಣಕಾಲು ಬಗ್ಗಿತು, ಪೇಟ ಜಾರಿ ಕಣ್ಣಿನ ಮೇಲೆ ಕೂತಿತು. ಪೇಟದ ಕೆಳಗಿನಿಂದ ತಮ್ಮ ಹೆಸರು ಓದಿಕೊಂಡರು.

"ಇದು... ನಮ್ದೇ ಅಲ್ವಾ ಮೇಡಂ?"

"ಹೌದು ಸಾರ್, ನಿಮ್ಮ ಹೆಸರೇ ಇದೆ ನೋಡಿ. ವರ್ಕಿಂಗ್ ಕಂಡೀಷನ್. ಸ್ವಲ್ಪ ಸ್ಲೋ, ಅಷ್ಟೆ."

ಮೈಕ್ ಆನ್ ಇತ್ತು. ಫೋಟೋದವನಿಗೆ ಏನು ಗೊತ್ತು ಪಾಪ, "ಸಾರ್, ಇನ್ನೂ ಸ್ವಲ್ಪ ಮೇಲೆತ್ತಿ, ಸ್ಮೈಲ್" ಎಂದು ಕೂಗಿದ. ಅಷ್ಟು ಜನರ ಮುಂದೆ, ತಾವೇ ಕರೆತಂದ ಕ್ಯಾಮೆರಾದ ಮುಂದೆ, ಹಾರ ಹಾಕಿಸಿಕೊಂಡ ಮೇಲೆ ಕಾಣಿಕೆ ಬೇಡ ಎನ್ನುವುದು ಹೇಗೆ? ಒಬ್ಬೊಬ್ಬರೇ ಬಂದರು, ಹೊಟ್ಟೆಗೆ ಆನಿಸಿಕೊಂಡರು, ಹಲ್ಲು ಕಿರಿದರು, ಇಳಿದರು. ಬರದೇ ಇದ್ದವರದನ್ನೂ ಅಧ್ಯಕ್ಷರ ಹೆಸರಿಗೇ ಒಪ್ಪಿಸಿದೆವು. ಪೆಟ್ಟಿಗೆ, ಕೀಬೋರ್ಡುಗಳನ್ನು ಅವರ ಸೆಕ್ಯುರಿಟಿಯವರೇ ಟ್ರಾಲಿಯಲ್ಲಿ ಸಾಗಿಸಿದರು. ಗೇಟಿನ ಹತ್ತಿರ ಅಧ್ಯಕ್ಷರ ಹೆಂಡತಿ ಹಲ್ಲು ಕಚ್ಚಿ ಹೇಳುತ್ತಿದ್ದದ್ದು ನನಗೆ ಕೇಳಿಸಿತು: "ಇದನ್ನ ಮತ್ತೆ ಮನೆಯೊಳಗೆ ತಂದ್ರೆ ನೋಡಿ!" ನನ್ನ ಜೀವನದಲ್ಲಿ ಅಷ್ಟು ಖುಷಿ ಕೊಟ್ಟ ಸನ್ಮಾನ ಸಮಾರಂಭ ಬೇರೆ ಇಲ್ಲ. ಟೆಂಪೊದಲ್ಲಿ ಬರಬೇಕಿದ್ದ ಕಂಪ್ಯೂಟರುಗಳ ಮಾತು ಅಲ್ಲಿಗೇ ನಿಂತಿತು. ಬೇರೆ ಶಾಲೆ ನೋಡುತ್ತಾರಂತೆ ಎಂದು ಹೆಡ್ ಮಾಸ್ಟರು ಪಿಸುಗುಟ್ಟಿದರು.

ಸೋಮವಾರ ಕಂಪ್ಯೂಟರ್ ರೂಮನ್ನು ಗುಡಿಸಿ, ತೊಳೆದು, ಎರಡೂ ಕಡೆಯ ಕಿಟಕಿ ತೆಗೆದೆ. ಮಕ್ಕಳು ಬಾಗಿಲಲ್ಲೇ ನಿಂತವು, ಒಳಗೆ ಬರಲು ಹೆದರಿದವು. "ಬನ್ರೋ, ನಿಮ್ದೇ" ಎಂದೆ. ಒಂದು ಸಲ ನುಗ್ಗಿದವು ನೋಡಿ, ಜಾತ್ರೆಯೇ. ವಿಜಯಪುರದ ಹುಡುಗಿ ಕಿಟಕಿಯ ಕೆಳಗೆ, ಗೋಡೆಯ ಮೂಲೆಯಲ್ಲಿ ಜಾಗ ಹಿಡಿದಳು. ಮಧ್ಯಾಹ್ನ ಮಳೆ ಬಂತು. ಜನ್ಮದಲ್ಲಿ ಮೊದಲ ಸಲ ಮಳೆ ಬರಲಿ ಎಂದು ನಾನು ಕಾದಿದ್ದೆ. ಹೊರಗೆ ವರಾಂಡವೆಲ್ಲ ತೊಯ್ದು ಹೋಯಿತು, ಒಳಗೆ ನನ್ನ ಮಕ್ಕಳು ಒಣಗಿದ ನೆಲದ ಮೇಲೆ ಕೂತು ಗಂಟಲು ಹರಿಯುವ ಹಾಗೆ ಅ ಆ ಇ ಈ ಹೇಳಿದವು. ನನಗೆ ಕಣ್ಣು ತುಂಬಿ ಬಂತು. ನಾನೇನೋ ಸಾಮ್ರಾಜ್ಯ ಗೆದ್ದವಳ ಹಾಗೆ ಆ ವಾರವೆಲ್ಲ ಬೀಗುತ್ತಾ ಓಡಾಡಿದೆ.

ಗುರುವಾರ ಬೆಳಗ್ಗೆ ಆ ಹುಡುಗಿಯ ಅಮ್ಮ ಮಗಳ ಜೊತೆ ಬಂದಳು. ತಲೆಯ ಮೇಲೆ ಸೆರಗಿನ ಸಿಂಬಿ, ಸಿಂಬಿಯ ಮೇಲೆ ಮಿಂಚುವ ಗಿಫ್ಟ್ ಪೇಪರಿನ ಗಂಟು. ಕೆಂಪು ರಿಬ್ಬನ್ ಹಾಗೇ ಇತ್ತು. ಪೇಪರಿನ ನಡುವೆ ನಾನೇ ಕತ್ತರಿಸಿದ ಚೌಕದ ಕಿಟಕಿ, ಅದರೊಳಗೆ ಅಧ್ಯಕ್ಷರ ಹೆಸರು.

"ಅಕ್ಕೋರೆ, ಇದನ್ನ ಎಲ್ಲಿ ಇಡ್ಲಿರೀ?"

"ಯಾರಮ್ಮಾ ಕೊಟ್ಟಿದ್ದು ನಿನಗೆ?"

"ನಾ ಕೆಲ್ಸಾ ಮಾಡೂ ಮನಿ ಅಮ್ಮಾರ್ರೀ. ಪಾಪ, ನಿನ್ನ ಮಗಳು ಕಂಪ್ಯೂಟರ್ ಕಲೀಲಿ ಅಂತ ಕೊಟ್ರು."

"ಅದು ಕೆಟ್ಟಿದೆ ಕಣಮ್ಮ. ಆನ್ ಆಗಲ್ಲ."

"ಗೊತ್ತೈತ್ರೀ. ಆ ಮನ್ಯಾಗ ಇದನ್ನ ಒರೆಸಿ ಒರೆಸಿ ಇಟ್ಟಾಕಿ ನಾನ ಅಲ್ರೀ."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. "ಗೊತ್ತಿದ್ದೂ ಯಾಕೆ ತಗೊಂಡೆ? ಬೇಡ ಅನ್ನಬಾರದಿತ್ತಾ?"

"ದೊಡ್ಡೋರ್ರೀ. ಬ್ಯಾಡ ಅನ್ನಾಕ ಆಗ್ತೈತೇನ್ರೀ? ಕೆಲ್ಸಾ ಹೋಗ್ತೈತಿ." ಅವಳು ತಲೆಯ ಮೇಲಿನ ಭಾರವನ್ನು ಒಂದು ಕೈಯಿಂದ ಸರಿಪಡಿಸಿಕೊಂಡಳು. "ಗುಜರ್ಯಾಗ ಹಾಕಿದ್ರ ನಾಳೆ ಅಮ್ಮಾರು ಕೇಳ್ತಾರ. ಮನ್ಯಾಗ ಇಟ್ಕೊಂಡ್ವಿ, ಮಗಳು ಮಕ್ಕೊಳ್ಳೂ ಜಾಗಾ ಅದಕ್ಕ ಹೋತು. ಬಾಗಲದಾಗ ಮಕ್ಕೊಂಡು ನಿನ್ನಿ ಮಳ್ಯಾಗ ತೊಯ್ದಾಳ. ನಿಮ್ಮ ಸಾಲ್ಯಾಗ ರೂಮ್ ಖಾಲಿ ಆಗೈತಂತಲ್ರೀ ಅಕ್ಕೋರೆ."

ಮೈಕಿನಲ್ಲಿ ನಾನು ಆಡಿದ ಡಬ್ಬಿಯ ಮಾತು ನೆನಪಾಯಿತು. ನಾನೂ ಅವಳೂ ಸೇರಿ ಗಂಟನ್ನು ಕೆಳಗಿಳಿಸಿದೆವು. ಮಳೆ ನೀರು ತಾಗದ ಜಾಗ ಎಂದು ನೋಡಿದರೆ ಕಿಟಕಿಯ ಕೆಳಗೆ ಮಗಳು ಕೂರುವ ಆ ಮೂಲೆಯೇ ಸರಿ ಎಂದು ಅವಳೇ ಅತ್ತ ಹೊತ್ತಳು.

ಮಗಳಿಗೆ ಯಾರೂ ಏನೂ ಹೇಳಲಿಲ್ಲ. ಅವಳು ತನ್ನ ಬ್ಯಾಗು ಎತ್ತಿಕೊಂಡು ಬಾಗಿಲ ಕಡೆಗೆ ಸರಿದು ಕೂತಳು.